ಓಡುತ್ತಲೇ ಬಿದ್ದ ಹುಡುಗ

ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಹಾಕಿ ಹಬ್ಬ ಹತ್ತಿರ ಬಂದರೆ ಕೊಡಗಿನಲ್ಲಿ ತೋಟದ ಕೆಲಸವೂ ಸ್ವಲ್ಪ ಹಿಂದೆ ಬೀಳುತ್ತದೆ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಹಬ್ಬ, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಮುಟ್ಟಿತು. ನಮ್ಮ ಒಕ್ಕ, ಅಂದರೆ ನಮ್ಮ ಮನೆತನದ ತಂಡ, ಮೊದಲ ಸುತ್ತು ದಾಟುವುದೇ ಅಪರೂಪ. ಆದರೂ ಅಭ್ಯಾಸಕ್ಕೇನೂ ಕಡಿಮೆ ಇಲ್ಲ.

ಅವತ್ತು ಸಂಜೆ ಶಾಲೆ ಮೈದಾನದಲ್ಲಿ ಅಣ್ಣನ ಮಗ ಚೆಂಡು ಹಿಡಿದು ಗೋಲಿನ ಕಡೆ ನುಗ್ಗುತ್ತಿದ್ದ. ಯಾರೂ ಅಡ್ಡ ಬಂದಿರಲಿಲ್ಲ. ಎಡವಲೂ ಇಲ್ಲ. ಓಡುತ್ತಿದ್ದವನು ಹಾಗೇ ಮುಖ ಅಡಿಯಾಗಿ ಬಿದ್ದ. ನಾವು ಹತ್ತಿರ ಹೋಗುವಷ್ಟರಲ್ಲಿ ಕಣ್ಣು ಬಿಟ್ಟು, 'ಏನಾಯ್ತು?' ಎಂದು ನಮ್ಮನ್ನೇ ಕೇಳಿದ.

ಕಾರಣ ಎಲ್ಲರ ಹತ್ತಿರವೂ ಇತ್ತು. ಬಿಸಿಲು, ನೀರು ಕುಡಿದಿಲ್ಲ, ಊಟ ಬಿಟ್ಟಿದ್ದ. ಒಬ್ಬರಂತೂ ಮೊಬೈಲ್ ಮೇಲೂ ಹಾಕಿದರು! ಸೈನ್ಯದ ವೈದ್ಯಕೀಯ ವಿಭಾಗದಲ್ಲಿದ್ದು ನಿವೃತ್ತರಾದ ಚಿಕ್ಕಪ್ಪ ಮಾತ್ರ ಒಪ್ಪಲಿಲ್ಲ. 'ಓಡಿ ನಿಂತ ಮೇಲೆ ತಲೆ ಸುತ್ತೋದು ಬೇರೆ. ಇವನು ಓಡ್ತಾ ಇರುವಾಗಲೇ ಬಿದ್ದಿದ್ದಾನೆ. ಈಗಲೇ ತೋರಿಸಬೇಕು.' ಆಮೇಲೆ ಹುಡುಗನನ್ನು ಮೆಲ್ಲಗೆ ಕೇಳಿದರು. 'ಜೋರಾಗಿ ಓಡಿದ್ರೆ ಎದೆ ಹಿಡಿದ ಹಾಗೆ ಆಗ್ತದೆ ತಾತ' ಎಂದ. ತಂಡದಿಂದ ಬಿಟ್ಟುಬಿಡ್ತಾರೆ ಅಂತ ಹೇಳಿರಲಿಲ್ಲ.

ಮಡಿಕೇರಿಯಲ್ಲಿ ಇಸಿಜಿ ಸರಿಯಾಗಿತ್ತು. ಅಣ್ಣ ಆಗಲೇ ಕಾರಿನ ಕೀ ತೆಗೆದಿದ್ದ. ಡಾಕ್ಟರ್ ಬಿಡಲಿಲ್ಲ. 'ಇಸಿಜಿ ಮಲಗಿಸಿ ತೆಗೆದದ್ದು. ಇವನು ಬಿದ್ದದ್ದು ಓಡುವಾಗ' ಎಂದರು. ಮೈಸೂರಿನಲ್ಲಿ ಹೃದಯದ ಸ್ಕ್ಯಾನ್ ಎಕೋ ಆಯಿತು, ಅದರಲ್ಲಿ ಅನುಮಾನ ಬಂದು ಹೃದಯದ ರಕ್ತನಾಳ ತೋರಿಸುವ ಸಿಟಿ ಆಂಜಿಯೋಗ್ರಾಮ್ ಆಯಿತು. ಆಗ ಸಿಕ್ಕಿತು.

ಹೃದಯದ ಮಾಂಸಕ್ಕೇ ರಕ್ತ ಕೊಡುವ ಎಡ ಕರೋನರಿ ನಾಳ, ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಎಡಬದಿಯಿಂದ ಹೊರಡಬೇಕು. ಇವನದ್ದು ಹುಟ್ಟಿನಿಂದಲೇ ಬಲಬದಿಯಿಂದ ಹೊರಟು, ಮಹಾಪಧಮನಿಗೂ ಶ್ವಾಸಕೋಶದ ದೊಡ್ಡ ರಕ್ತನಾಳಕ್ಕೂ ನಡುವೆ ನುಸುಳಿಕೊಂಡು ಹೋಗಿತ್ತು. ಅದರ ಬಾಯಿ ದುಂಡಗಿರದೆ ಅಂಗಿಯ ಕಾಜಾದ ಹಾಗೆ ಸೀಳಾಗಿತ್ತು. ಸುಮ್ನೆ ಕೂತರೆ ತೊಂದರೆಯಿಲ್ಲ. ಓಡುವಾಗ ಹೃದಯಕ್ಕೆ ರಕ್ತ ಜಾಸ್ತಿ ಬೇಕು, ಆ ಹೊತ್ತಿನಲ್ಲೇ ದೊಡ್ಡ ನಾಳಗಳು ಉಬ್ಬಿ ಈ ಬಾಯಿ ಅಮುಕಿ ಹೋಗುತ್ತದೆ. ಹೃದಯದ ಲಯ ಕೆಟ್ಟು ಬಡಿತವೇ ನಿಲ್ಲಬಹುದು. ಕೊಬ್ಬು ಕಟ್ಟಿ ಬರುವ ಬ್ಲಾಕ್ ಅಲ್ಲ ಇದು. ಹಂದಿಕರಿ ಬಿಟ್ಟರೆ ಸರಿಹೋಗುವಂಥದ್ದೂ ಅಲ್ಲ.

ಆಟಗಾರರಲ್ಲಿ ಇಂಥ ದೋಷ ಕೊನೆವರೆಗೂ ಗೊತ್ತಾಗದೇ ಇರಬಹುದು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಪೀಟ್ ಮರಾವಿಚ್ ಹತ್ತು ವರ್ಷ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಆಡಿದವರು. 1988ರ ಜನವರಿಯಲ್ಲಿ ಗೆಳೆಯರ ಜೊತೆ ಆಡುತ್ತಲೇ ಕುಸಿದು ತೀರಿಕೊಂಡರು. ಆಗ 40 ವರ್ಷ. ಎಡ ಕರೋನರಿ ನಾಳವೇ ಇರಲಿಲ್ಲ ಎಂದು ತಿಳಿದದ್ದು ಶವಪರೀಕ್ಷೆಯಲ್ಲಿ.

ನಮ್ಮ ಹುಡುಗನಿಗೆ ಆಪರೇಷನ್ ಮಾಡಿ ಆ ಸೀಳನ್ನು ಅಗಲ ಮಾಡಿದರು. ಮೂರು ತಿಂಗಳಾದ ಮೇಲೆ ಟ್ರೆಡ್‌ಮಿಲ್ ಪರೀಕ್ಷೆ, ಅದರಲ್ಲಿ ಪಾಸಾದರೆ ಆಡುವ ಮಾತು. ಅಲ್ಲಿವರೆಗೆ ಅಂಪೈರ್ ಆಗಿ ಎಲ್ಲರ ತಲೆ ತಿನ್ನುತ್ತಿದ್ದಾನೆ.

ಚಿಕ್ಕಪ್ಪ ಈಗ ಅಭ್ಯಾಸಕ್ಕೆ ಮುಂಚೆ ದಿಂಬು ಇಟ್ಟುಕೊಂಡು, ಹೃದಯ ನಿಂತು ಬಿದ್ದವರ ಎದೆ ಒತ್ತುವುದನ್ನು ಕಲಿಸುತ್ತಾರೆ: ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ. ನಮ್ಮ ತಿರುವಿನ ದಾರಿಯಲ್ಲಿ ಆಂಬುಲೆನ್ಸ್ ಬರುವ ತನಕ ಕೈಕಟ್ಟಿ ನಿಲ್ಲೋಕಾಗುತ್ತಾ? ಲಯ ಕೆಟ್ಟು ಅದುರುವ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವೊಂದು ಮೈದಾನದಲ್ಲೇ ಇರಬೇಕು ಅಂತಲೂ ಅವರ ಹಟ. ಜೆರ್ಸಿಗೆ ಪ್ರಾಯೋಜಕರು ಸಿಕ್ಕಿದ್ದಾರೆ, ಅದಕ್ಕೆ ಇನ್ನೂ ಇಲ್ಲ.