ಅಜ್ಜಿ ಸರಿಸಿದ ಬದುಗಲ್ಲು

ನಮ್ಮ ಕ್ರೈಸ್ತರ ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ, ಶುರುವಾಗುವುದು ವಿಭೂತಿ ಬುಧವಾರ. ಅವತ್ತು ಹಣೆಗೆ ಬೂದಿ ಬಿದ್ದರೆ ಸಾಕು, ನನಗೆ ಕನಕಪುರ ಸೀಮೆಯ ನಮ್ಮ ರಾಗಿ ಹೊಲ ಕಣ್ಣ ಮುಂದೆ ಬರುತ್ತದೆ. ಆ ಬೂದಿ ಹೋದ ವರ್ಷ ಈಸ್ಟರ್‌ಗೆ ವಾರ ಮುಂಚೆ ಬಂದ ಗರಿಗಳ ಭಾನುವಾರದ ಗರಿ ಸುಟ್ಟು ಮಾಡಿದ್ದು, ಕೊಂಚ ತರಿತರಿ. ಚರ್ಚಿನ ಸ್ವಾಮಿಗಳು ಹೆಬ್ಬೆರಳಲ್ಲಿ ಒತ್ತಿದಾಗ ಒಂದೆರಡು ಚೂರು ರೆಪ್ಪೆ ಮೇಲೆ ಉದುರುತ್ತದೆ. ಈ ಸಲವೂ ಉದುರಿತು. ಒರೆಸಿಕೊಳ್ಳದೆ ಹಾಗೇ ನಿಂತೆ.

ಅಂಥದ್ದೇ ಒಂದು ಬುಧವಾರ, ನನಗೆ ಎಂಟೋ ಒಂಬತ್ತೋ ವರ್ಷ. ಪೂಜೆ ಮುಗಿಸಿ ಬಂದ ಅಜ್ಜಿ ಮನೆಯೊಳಗೆ ಕಾಲಿಡಲಿಲ್ಲ. ಕೊಟ್ಟಿಗೆಯಿಂದ ಹಾರೆ ತಗೊಂಡು ನೇರ ಹೊಲಕ್ಕೆ ನಡೆದಳು. ನೀರಿನ ಚೊಂಬು ಹಿಡಿದು ಹಿಂದೆ ನಾನು. ಪಕ್ಕದ ಹೊಲ ಚಿಕ್ಕತಾತನದು. ಅವರು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ನಮ್ಮ ತಾತ ಉಳುವಾಗ ಒಂದೊಂದು ಸಾಲು ಆಚೆಗೆ ಒತ್ತುತ್ತಾ ಬಂದಿದ್ದರು. ಬದುಗಲ್ಲೂ ಅದರ ಜೊತೆಗೇ ಸರಿಯುತ್ತಾ ಹೋಗಿತ್ತು. ಊರಿಗೆಲ್ಲ ಗೊತ್ತು, ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಬೇಸಿಗೆಯ ನೆಲ, ಬಂಡೆಯ ಹಾಗೆ ಗಟ್ಟಿ. ಅಜ್ಜಿ ಹಾರೆ ಹಾಕಿದಾಗಲೆಲ್ಲ ಠಣ್ ಅನ್ನುತ್ತಿತ್ತು. ಬೆವರಿಗೆ ಹಣೆಯ ಬೂದಿ ಕರಗಿ ಮೂಗಿನ ಪಕ್ಕ ಕಪ್ಪು ಗೆರೆಯಾಗಿ ಇಳಿಯಿತು. ತುಟಿಗೆ ಬಂದಾಗ ನಾಲಿಗೆಯಲ್ಲಿ ಸವರಿ, ಉಗುಳದೆ ನುಂಗಿದಳು. ನಲವತ್ತು ವರ್ಷದ ಮೇಲೂ ನನಗೆ ಕಾಣುವುದು ಆ ಗೆರೆಯೇ.

ಕಲ್ಲು ಹೊರಳಿಸಿ ಹಳೇ ಜಾಗಕ್ಕೆ ತರುವ ಹೊತ್ತಿಗೆ ಚಿಕ್ಕಜ್ಜಿ ಬಂದು ನಿಂತಿದ್ದಳು. ಅಳುತ್ತಾಳೇನೋ, ಕೈ ಹಿಡಿಯುತ್ತಾಳೇನೋ ಅಂದುಕೊಂಡೆ. ಅವಳು ಸುಮ್ನೆ ನೋಡಿ, "ಇನ್ನೂ ಒಂದು ಗೇಣು ಆ ಕಡೆಗಿತ್ತು ಕಣಕ್ಕಾ" ಅಂದಳು. ಅಜ್ಜಿ ಮತ್ತೆ ಹಾರೆ ಎತ್ತಿ ಇನ್ನೊಂದು ಗೇಣು ಸರಿಸಿದಳು. ತಾತ ಅವತ್ತು ರಾತ್ರಿ ಊಟ ಮುಟ್ಟಲಿಲ್ಲ. ಉಪವಾಸವೋ ಸಿಟ್ಟೋ, ದೇವರಿಗೇ ಗೊತ್ತು.

ಅಜ್ಜಿಗೆ ಓದು ಬರಹ ಇರಲಿಲ್ಲ. ವಿಭೂತಿ ಬುಧವಾರ ಕಳೆದು ಬರುವ ಶುಕ್ರವಾರ, ಶನಿವಾರ ಪೂಜೆಯಲ್ಲಿ ಬೈಬಲಿನ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದುತ್ತಾರಲ್ಲ, ಅದನ್ನು ಕೇಳಿಯೇ ಕಲಿತಿರಬೇಕು. ನಾವು ಉಪವಾಸ ಮಾಡಿದರೂ ನೀನು ಯಾಕೆ ನೋಡುವುದಿಲ್ಲ ಅಂತ ಜನ ದೇವರನ್ನು ಕೇಳುತ್ತಾರೆ. ಉಪವಾಸದ ದಿನವೇ ಆಳುಗಳನ್ನು ಹಿಂಡುತ್ತೀರಲ್ಲ ಅಂತ ದೇವರು ತಿರುಗಿ ಕೇಳುತ್ತಾನೆ. ಕಟ್ಟಿದ್ದನ್ನು ಬಿಚ್ಚು, ಹಸಿದವನ ಜೊತೆ ರೊಟ್ಟಿ ಹಂಚಿಕೋ, ಆಗ ಬಿರುಕು ಮುಚ್ಚುವವನು ಅಂತ ನಿನ್ನನ್ನು ಕರೆಯುತ್ತಾರೆ ಅನ್ನುತ್ತಾನೆ.

ಬೈಬಲಿನಲ್ಲಿ ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನು ಜಕ್ಕಾಯನದೂ ಇದೇ ಕಥೆ ಅಲ್ವಾ? ಯೇಸುಸ್ವಾಮಿ ಅವನ ಹತ್ತಿರ ಲೆಕ್ಕ ಕೇಳಲೇ ಇಲ್ಲ. ಮರ ಇಳಿ, ಇವತ್ತು ನಿನ್ನ ಮನೆಗೆ ಬರ್ತೀನಿ ಅಂದರು. ಲೆಕ್ಕ ತೆಗೆದವನು ಅವನೇ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದರೆ ಅದರ ನಾಲ್ಕರಷ್ಟು ವಾಪಸ್ಸು.

ನಾವೋ, ತಪಸ್ಸು ಕಾಲವನ್ನು ಪಥ್ಯ ಮಾಡಿಕೊಂಡಿದ್ದೇವೆ. ಶುಕ್ರವಾರ ಚಿಕನ್ ಬಿಟ್ಟೆವು ಅಂತ ಅಂಜಲ್ ಮೀನಿನ ಫ್ರೈ ತಿನ್ನುತ್ತೇವೆ. ಸಕ್ಕರೆ ಬಿಟ್ಟರೆ ತೂಕವೂ ಇಳಿಯುತ್ತೆ ಅನ್ನುವ ಲಾಭ ಬೇರೆ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳಲ್ಲೂ ಮಂಡಿಯೂರುತ್ತೇವೆ. ಶುಭ ಶುಕ್ರವಾರ ಕನಕಪುರ ಸೀಮೆಯ ಹಾರೋಬೆಲೆಗೆ ಹೋಗಿ ಯೇಸುವಿನ ಪಾಡಿನ ನಾಟಕ ನೋಡಿ ಕಣ್ಣು ಒರೆಸಿಕೊಳ್ಳುತ್ತೇವೆ. ಒತ್ತಿದ ಸಾಲು ಮಾತ್ರ ಒತ್ತಿದ ಹಾಗೇ ಇರುತ್ತದೆ.

ಬೇರೆಯವರ ಮಾತು ಬಿಡಿ. ಬೆಂಗಳೂರಿನ ನಮ್ಮ ಮನೆಯ ಮೇಲ್ಮಹಡಿ ಬಾಡಿಗೆಗೆ ಕೊಡುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಖಾಲಿ ಮಾಡಿದಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಹಿಡಿದುಕೊಂಡೆ. ಎಲ್ಲರೂ ಹಿಡಿಯುತ್ತಾರೆ. ಆದರೆ ಪೇಂಟ್ ಹೊಡೆಸಲೇ ಇಲ್ಲ. ವಾರದೊಳಗೆ ಬೇರೆಯವರು ಬಂದರು. ಅವನು ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆ ಇನ್ನೂ ಆ ಗೋಡೆಯಲ್ಲೇ ಇದೆ.

ಈ ಸಲ ಪೂಜೆ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಅವನಿಗೆ ಫೋನ್ ಮಾಡಿದೆ. ನಂಬರ್ ಅಳಿಸಿರಲಿಲ್ಲ.

"ಹೇಳಿ ಆಂಟಿ, ಏನಾದ್ರೂ ಬಿಟ್ಟು ಬಂದಿದ್ದೀನಾ?" ಅಂದ, ಸ್ವಲ್ಪ ಗಾಬರಿಯಲ್ಲಿ.

ಪೇಂಟಿಂಗ್ ದುಡ್ಡಿನ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೊನೇ ತಿಂಗಳು ನೀರಿನ ಬಿಲ್ಲೂ ನೀವು ಎರಡು ಸಲ ತಗೊಂಡಿದ್ರಿ ಆಂಟಿ" ಅಂದ.

ಡೈರಿ ತೆಗೆದು ನೋಡಿದೆ. ಹೌದು, ತಗೊಂಡಿದ್ದೆ.