ಆರು ಸುತ್ತಿನ ವಾಲ್ವ್

ಪುಣೆ ಪಕ್ಕದ ಭೋಸರಿಯ ಒಂದು ಕಾರ್ಖಾನೆಯಿಂದ ಫೋನ್ ಬಂತು. ಕೂಲಿಂಗ್ ಟವರ್ ಪಂಪ್ ಕರೆಂಟ್ ಜಾಸ್ತಿ ತಿನ್ನುತ್ತಿದೆ, ಹೊಸದು ಹಾಕಿಸಬೇಕು, ಅದಕ್ಕೊಂದು ರಿಪೋರ್ಟ್ ಕೊಡಿ ಅಂತ. ಅಳೆಯುವ ಮೊದಲೇ ತೀರ್ಮಾನ ಆಗಿಬಿಟ್ಟಿತ್ತು.

ಪಂಪ್ ನೋಡಿಕೊಳ್ಳುವವರು ಇಂಡಿ ಕಡೆಯವರು. ನಾನು ಮನೆಯವರ ಜತೆ ಫೋನಿನಲ್ಲಿ ಮಾತಾಡಿದ್ದು ಕಿವಿಗೆ ಬಿದ್ದು, "ಯಾವೂರ್ರಿ ಸರ?" ಅಂದರು. ಹಾವೇರಿ ಅಂದೆ. ಆಮೇಲೆ ಚಹಾ ಬಂತು, ಏಣಿ ಬಂತು, ಕೇಳದೆಯೇ ಎಮರಿ ಪೇಪರೂ ಬಂತು.

ಅದು ಬೇಕೇ ಬೇಕು. ಪೈಪಿನ ಮೇಲೆ ಕಟ್ಟುವ ಅಲ್ಟ್ರಾಸಾನಿಕ್ ಫ್ಲೋ ಮೀಟರಿಗೆ ಎದ್ದ ಬಣ್ಣ, ತುಕ್ಕು ಆಗಿಬರುವುದಿಲ್ಲ. ಉಜ್ಜಿ, ಜೆಲ್ ಹಚ್ಚಿ ಸೆನ್ಸರ್ ಕೂರಿಸಿದೆ. ಗಂಟೆಗೆ 138 ಘನ ಮೀಟರ್ ಅಂತ ತೋರಿಸಿತು. ನಂಬಲಿಲ್ಲ. ಹಿಂದೆಯೇ ಬೆಂಡ್ ಇತ್ತು, ಅಲ್ಲಿ ನೀರು ಸುಳಿ ತಿರುಗುತ್ತಾ ಬರುತ್ತದೆ. ಪೈಪಿನ ವ್ಯಾಸದ ಹತ್ತು ಪಟ್ಟಾದರೂ ದೂರ ಸರಿಯಬೇಕು. ಏಣಿ ಹತ್ತಿ, ನೇರ ಪೈಪ್ ಸಿಕ್ಕ ಕಡೆ ಮತ್ತೆ ಉಜ್ಜಿದೆವು. 110.

ಪಂಪಿನ ಎರಡೂ ಕಡೆಯ ಗೇಜ್ ಲೆಕ್ಕ ಹಾಕಿದರೆ ಹೆಡ್, ಅಂದರೆ ಪಂಪ್ ಕೊಡುವ ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ಲೆಕ್ಕ, 42 ಮೀಟರ್. 110ನ್ನು 42ರಿಂದ ಗುಣಿಸಿ, ಕಿಲೋವ್ಯಾಟಿಗೆ ತರಲು 367ರಿಂದ ಭಾಗಿಸಿದರೆ 12.6 ಕಿಲೋವ್ಯಾಟ್. ನೀರಿಗೆ ಸಿಕ್ಕಿದ್ದು ಅಷ್ಟು. ಮೋಟರ್ ಎಳೆಯುತ್ತಿದ್ದದ್ದು 20. ಅಂದರೆ ಮೋಟರ್, ಪಂಪ್ ಸೇರಿ 63%. ಹಳೇ ಪಂಪಿಗೆ ಇದೇನೂ ಕೆಟ್ಟದ್ದಲ್ಲ ಅಲ್ವಾ?

ಹಾಗಾದರೆ ಕರೆಂಟ್ ಎಲ್ಲಿ ಹೋಗ್ತಿದೆ? ಸುಮ್ನೆ ಅನುಮಾನಕ್ಕೆ ವಾಲ್ವ್ ದಾಟಿದ ಮೇಲೆ ಇನ್ನೊಂದು ಗೇಜ್ ಹಾಕಿದೆ. 18 ಮೀಟರ್ ಹೆಡ್ ವಾಲ್ವಿನಲ್ಲೇ ಮಾಯ! ಮೋಟರಿನ ಲೆಕ್ಕದಲ್ಲಿ ಸುಮಾರು 8.5 ಕಿಲೋವ್ಯಾಟ್, ದಿನಕ್ಕೆ 200 ಯೂನಿಟ್. ವಾಲ್ವಿನ ಪಕ್ಕ ಗೋಡೆ ಮೇಲೆ ಸೀಮೆಸುಣ್ಣದಲ್ಲಿ, ಕನ್ನಡದಲ್ಲೇ ಬರೆದಿತ್ತು: "6 ಸುತ್ತು ಅಷ್ಟೇ".

"ಪೂರಾ ತೆರದ್ರ ಮೋಟರ್ ಟ್ರಿಪ್ ಆಗತೈತ್ರಿ. ಅದಕ್ಕ ನಾನೇ ಬರದೀನಿ."

ಅವರು ಹೇಳಿದ್ದು ಸರಿ. ಇಂಥ ಪಂಪಿನಲ್ಲಿ ನೀರು ಹೆಚ್ಚು ಹರಿದಷ್ಟೂ ಮೋಟರಿನ ಮೇಲೆ ಭಾರ ಜಾಸ್ತಿ. ತಪ್ಪು ಅವರದಲ್ಲ, ಬೇಕಾದ್ದಕ್ಕಿಂತ ದೊಡ್ಡ ಪಂಪ್ ಆರಿಸಿದವರದು. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಹೊಸ ಪಂಪ್ ಬೇಡ, ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಅದನ್ನು ಲೇತಿಗೆ ಹಾಕಿಸಿ ಅಂದೆ. ವ್ಯಾಸ 260 ಮಿಲಿಮೀಟರಿನಿಂದ 230ಕ್ಕೆ ಇಳಿಸಿದರು. ಇನ್ನೂ ಸಣ್ಣದು ಮಾಡಬಹುದಿತ್ತೇನೋ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ, ನನಗೆ ಧೈರ್ಯ ಬರಲಿಲ್ಲ. ಅಷ್ಟೇ ನೀರಿಗೆ ಈಗ ಮೋಟರ್ 16 ಕಿಲೋವ್ಯಾಟ್ ಎಳೆಯುತ್ತಿದೆ.

ಮೊನ್ನೆ ಹೋದಾಗ ಗೋಡೆ ಮೇಲಿನ 6 ಅಳಿಸಿ 9 ಮಾಡಿದ್ದರು. ಕೆಳಗೆ ಮರಾಠಿಯಲ್ಲೂ ಬರೆದಿದ್ದರು, ರಾತ್ರಿ ಪಾಳಿಯವರಿಗೆ.