ಇದರಲ್ಲಿ ನಾನು ಎಲ್ಲಿದ್ದೀನಿ?

ಭಾನುವಾರದಿಂದ ಈ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಕುಟುಂಬಗಳ ಕೈಸಾಲದ ಬಗ್ಗೆ ನಾವು ಮಾಡಿದ ಸರ್ವೆಯನ್ನು ಲೈಬ್ರರಿ ಹಾಲ್‌ನಲ್ಲಿ ಸ್ಲೈಡ್ ಹಾಕಿ ವಿವರಿಸುತ್ತಿದ್ದೆ. ಎರಡನೇ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕೈ ಎತ್ತಿದರು.

"ನಮ್ಮನೆಗೂ ಬಂದಿದ್ರಲ್ಲ, ಎರಡು ಗಂಟೆ ಕೂತು ಕೇಳಿದ್ರಿ. ಇದರಲ್ಲಿ ನಾನು ಎಲ್ಲಿದ್ದೀನಿ?"

ಲೇಸರ್ ಪಾಯಿಂಟರ್‌ನಿಂದ ಚಾರ್ಟ್‌ನ ಮೂರನೇ ನೀಲಿ ಕಂಬ ತೋರಿಸಿದೆ. "ಇಲ್ಲಿದ್ದೀರಮ್ಮ." ಕೆಂಪು ಚುಕ್ಕೆ ನಡುಗುತ್ತಿತ್ತು. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಇಷ್ಟೇನಾ? ಮಗಳ ಆಪರೇಷನ್ ವಿಷಯ ಹೇಳಿದ್ನಲ್ಲ?"

ಅದು 'ವೈದ್ಯಕೀಯ ವೆಚ್ಚ' ಅನ್ನೋ ಕಾಲಂನಲ್ಲಿ ಸೇರಿಹೋಗಿತ್ತು. ಹೇಳೋಕೆ ಬಾಯಿ ಬರಲಿಲ್ಲ.

ಹೊರಗೆ ಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು ಬೆನ್ನು ತಟ್ಟಿದರು. "ಬಿಡಿ, ಇಂಥ ಭಾಷಣ ಪ್ರಮೋಷನ್‌ಗೆ ಲೆಕ್ಕಕ್ಕೇ ಬರಲ್ಲ." ಒಳ್ಳೆಯವರೇ, ಆದರೆ ಜನ ಇವರಿಗೆ ಫಾರಂ ತುಂಬಿಸೋವಾಗ ಮಾತ್ರ ನೆನಪಾಗ್ತಾರೆ. ನನ್ನದೇನು ಕಡಿಮೆ? ಮೈಕೆಲ್ ಬುರವಾಯ್ 2004ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ 'ಪಬ್ಲಿಕ್ ಸೋಷಿಯಾಲಜಿ', ಅಂದರೆ ಜನರ ಜೊತೆ ಮಾತಾಡೋ ಸಮಾಜಶಾಸ್ತ್ರದ ಬಗ್ಗೆ ಮಾಡಿದ ಭಾಷಣವನ್ನು ಪ್ರತಿ ವರ್ಷ ಪಾಠ ಮಾಡ್ತೀನಿ. ಪೇಪರ್‌ನಲ್ಲಿ ಅಂಕಣ ಬರೆಯೋದು ಒಂದು ಬಗೆ, ಜನರ ಜೊತೆ ಕೂತು ಕೆಲಸ ಮಾಡೋದು ಇನ್ನೊಂದು ಬಗೆ ಅಂತ ಅವರು ಬಿಡಿಸಿ ಹೇಳಿದ್ದರು. ನಾನು ಅದನ್ನ ಹತ್ತು ಅಂಕದ ಪ್ರಶ್ನೆ ಮಾಡಿಟ್ಟಿದ್ದೀನಿ.

ಕಂಬಗಳನ್ನೇ ಬೈದು ಸುಮ್ಮನಾಗೋಕೂ ಆಗಲ್ಲ. ಅಮೆರಿಕದ ಕರಿಯ ಸಮಾಜಶಾಸ್ತ್ರಜ್ಞ ಡುಬಾಯ್ಸ್ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕರಿಯ ಅಮೆರಿಕನ್ನರ ಬದುಕನ್ನು ಬಣ್ಣದ ಚಾರ್ಟ್‌ಗಳಲ್ಲೇ ತೋರಿಸಿದ್ದರು. ಸುಮಾರು 60 ಚಾರ್ಟ್, ಎಲ್ಲ ಕೈಯಲ್ಲಿ ಬರೆದದ್ದು. ಅದಕ್ಕೂ ಮುಂಚೆ ಫಿಲಡೆಲ್ಫಿಯಾ ನಗರದ ಒಂದು ವಾರ್ಡ್‌ನಲ್ಲಿ ಕರಿಯರ ಸರ್ವೆ ಮಾಡಿದಾಗ ಅದೇ ವಾರ್ಡ್‌ನಲ್ಲಿ ಮನೆ ಮಾಡಿಕೊಂಡಿದ್ದರು, ಮನೆಮನೆ ತಿರುಗಿದ್ದರು. ಆದರೂ ಅಲ್ಲಿನ ಜನ ಅವರನ್ನು ಬಾ ಅಂತ ಕೈಚಾಚಿ ಕರೆಯಲಿಲ್ಲ. ವಿಚಿತ್ರ ಪ್ರಾಣಿ ಥರ ತಮ್ಮನ್ನು ನೋಡ್ತಾರೆ ಅನ್ನೋ ಬೇಸರ ಆ ಜನರಿಗಿತ್ತು ಅಂತ ಡುಬಾಯ್ಸ್ ತಾವೇ ಬರೆದುಕೊಂಡಿದ್ದಾರೆ. ನಾನಂತೂ ಎರಡು ಗಂಟೆ ಕೂತು ಎದ್ದು ಬಂದವನು.

ಆ ಅಮ್ಮನಿಗೆ ನಮ್ಮ ಲೇಖನ ಕಳಿಸೋಣ ಅಂತ ರಾತ್ರಿ ಕೂತೆ. ಜರ್ನಲ್‌ನವರು ಓದೋಕೆ ದುಡ್ಡು ಕೇಳ್ತಾರೆ, ಲೇಖನ ಇರೋದೂ ಇಂಗ್ಲಿಷ್‌ನಲ್ಲಿ. ಲ್ಯಾಪ್‌ಟಾಪ್ ಮುಚ್ಚಿ, ಸರ್ವೆ ಫೈಲ್‌ನಲ್ಲಿ ಅವರ ಒಪ್ಪಿಗೆ ಪತ್ರ ಹುಡುಕಿದೆ. 'ಅಧ್ಯಯನದ ಫಲಿತಾಂಶವನ್ನು ನಿಮಗೆ ತಿಳಿಸುತ್ತೇವೆ' ಅಂತ ನಾಲ್ಕನೇ ಸಾಲಲ್ಲೇ ಇದೆ. ಕೆಳಗೆ ಅವರ ಸಹಿ, ಅಕ್ಷರ ಒಂದೊಂದೇ ಬಿಡಿಸಿ ಬರೆದದ್ದು. ಪಕ್ಕದಲ್ಲಿ ನನ್ನದು, ಅವಸರದಲ್ಲಿ ಎಳೆದ ಗೀಟು.